ಅಪ್‌ಡೇಟ್: ಗೇಟ್ ಮುಂದೆ ಕಾರು ನಿಲ್ಲಿಸುವವರ ಕಾಟ ಕೊನೆಗೂ ತಪ್ಪಿತು

ಪಕ್ಕದ ಕಲ್ಯಾಣ ಮಂಟಪಕ್ಕೆ ಬರುವವರು ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸುತ್ತಾರೆ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋದೂ ಕಷ್ಟ ಅಂತ ಕೇಳಿದ್ದೆ ಅಲ್ವಾ? ಈಗ ಸರಿಹೋಗಿದೆ.

ಕೆಲಸಕ್ಕೆ ಬಂದಿದ್ದು "ಮಂಟಪದ ಮ್ಯಾನೇಜರ್ ಹತ್ತಿರ ನೇರವಾಗಿ ಮಾತಾಡಿ" ಎಂಬ ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಕಾರು ಅಡ್ಡ ನಿಂತ ಫೋಟೊಗಳನ್ನು ಮ್ಯಾನೇಜರಿಗೆ ತೋರಿಸಿದೆ. ಅಮ್ಮನ ವಿಷಯ ಕೇಳಿ ಅವರಿಗೇ ಬೇಜಾರಾಯಿತು. ಈಗ ಮುಹೂರ್ತದ ದಿನ ಅವರ ಸೆಕ್ಯುರಿಟಿಯವರು ನಮ್ಮ ಗೇಟ್ ಹತ್ತಿರವೇ ನಿಂತಿರುತ್ತಾರೆ. ಆದರೂ ಮೊನ್ನೆ ಒಂದು ಕಾರು ನುಸುಳಿತು. ಮೈಕಿನಲ್ಲಿ ನಂಬರ್ ಕೂಗಿಸಿದರು. ಹುಡುಗನ ಕಡೆಯ ಹಿರಿಯರೊಬ್ಬರು ಅರ್ಧ ಊಟದಲ್ಲಿ ಎದ್ದು, ಒದ್ದೆ ಕೈಯಲ್ಲೇ ಕೀ ಹಿಡಿದು ಓಡಿ ಬಂದರು. "ತಪ್ಪಾಯ್ತಮ್ಮ, ಗೇಟ್ ನೋಡಲೇ ಇಲ್ಲ" ಅಂದರು. ನನಗೇ ಪಾಪ ಅನ್ನಿಸಿತು.

ಉಳಿದ ಸಲಹೆಗಳ ಬಗ್ಗೆ: "ನೋ ಪಾರ್ಕಿಂಗ್" ಬೋರ್ಡಿಗೆ ಯಾರೂ ಕ್ಯಾರೇ ಅನ್ನಲಿಲ್ಲ. ಹೂಕುಂಡ ಇಡಬೇಡಿ, ರಸ್ತೆಯ ಜಾಗ ಹಿಡಿದರೆ ಟ್ರಾಫಿಕ್ ಪೊಲೀಸರು ನಮ್ಮನ್ನೇ ಕೇಳುತ್ತಾರೆ. ಟೈರಿನ ಗಾಳಿ ತೆಗೆಯೋದಂತೂ ಬೇಡವೇ ಬೇಡ. ಕಾರು ಇನ್ನೂ ಜಾಸ್ತಿ ಹೊತ್ತು ಅಲ್ಲೇ ನಿಲ್ಲುತ್ತದೆ, ದೂರು ನಮ್ಮ ಮೇಲೆ ಬರುತ್ತದೆ. ಗಾಡಿಯ ವಿವರ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಮಾಲೀಕರ ಹೆಸರೂ ಪೂರ್ತಿ ಕಾಣುವುದಿಲ್ಲ, ಫೋನ್ ನಂಬರ್ ಸಿಗೋದೇ ಇಲ್ಲ.

ನನಗೆ ಆಶ್ಚರ್ಯವಾಗಿದ್ದು ತುರ್ತು ಸಹಾಯದ ನಂಬರ್ 112. ಒಂದು ರಾತ್ರಿ ಮಂಟಪ ಮುಚ್ಚಿದ ಮೇಲೂ ಕಾರೊಂದು ಅಡ್ಡ ಇತ್ತು. ಇಂಥ ಸಣ್ಣ ವಿಷಯಕ್ಕೆ ಬರಲಾರರು ಅಂದುಕೊಂಡೇ ಫೋನ್ ಮಾಡಿದೆ. ಗಾಡಿ ನಂಬರ್ ಕೇಳಿಕೊಂಡರು, ಪೊಲೀಸರೇ ಮಾಲೀಕರಿಗೆ ಫೋನ್ ಮಾಡಿ ತೆಗೆಸಿದರು. ಫೋಟೊ ತೆಗೆಯುವಾಗ ನಂಬರ್ ಪ್ಲೇಟ್, ಗೇಟ್ ಎರಡೂ ಒಟ್ಟಿಗೆ ಕಾಣುವ ಹಾಗೆ ತೆಗೆಯಿರಿ.