ದಾವಣಗೆರೆ: ನಮ್ಮ ರೇಷ್ಮೆ ಬಳಗದಲ್ಲಿ ಮುಂದೆ ಏನು ಮಾಡೋಣ? ಬಣ್ಣ ಹಾಕಿದ ನೂಲು ಬೇರೆ ಕೆಟ್ಟಿದೆ

ಕುಚ್ಚಿನಕ್ಕ, ದಾವಣಗೆರೆ:

ನಮಸ್ಕಾರ ಎಲ್ಲರಿಗೂ. ನಾವು 14 ಜನ ಹೆಂಗಸರು ತಿಂಗಳಿಗೊಂದು ಭಾನುವಾರ ನಮ್ಮ ಮನೆ ಮಹಡಿ ಮೇಲೆ ಸೇರುತ್ತೇವೆ. ಶುರುವಾಗಿದ್ದು ಸೀರೆ ಕುಚ್ಚಿನಿಂದ. ಬೇಬಿ ಕುಚ್ಚು, ಮಣಿ ಕುಚ್ಚು, ಕ್ರೋಶಾ ಕುಚ್ಚು ಎಲ್ಲ ಆಯಿತು. ಆಮೇಲೆ ಒಬ್ಬರು ಧಾರವಾಡದ ಕಡೆಯವರು ಬಂದು ಕಸೂತಿಯಲ್ಲಿ ಗವಂತಿ, ಮುರ್ಗಿ ಹೊಲಿಗೆ ಕಲಿಸಿಕೊಟ್ಟರು. ಈಗ ಎಲ್ಲರಿಗೂ ಕುಚ್ಚು ಸಾಕಾಗಿದೆ, ರೇಷ್ಮೆ ಬಗ್ಗೆನೇ ಸರಿಯಾಗಿ ಕಲಿಯೋಣ ಅಂತಿದ್ದಾರೆ.

ಅದಕ್ಕೆ ಹೋದ ತಿಂಗಳು ಕಚ್ಚಾ ರೇಷ್ಮೆ ನೂಲು ತರಿಸಿ ಮನೆಯಲ್ಲೇ ಬಣ್ಣ ಹಾಕಿದೆವು. ಮೊದಲು ಸೋಪಿನ ನೀರಲ್ಲಿ ಬೇಯಿಸಿ, ಆಮೇಲೆ ಈರುಳ್ಳಿ ಸಿಪ್ಪೆ ಕಷಾಯದಲ್ಲಿ ಮುಳುಗಿಸಿದೆವು. ಅರ್ಧ ಲಡಿ ಚಿನ್ನದ ಹಾಗೆ ಬಂತು, ಇನ್ನರ್ಧ ತೊನ್ನು ಹಿಡಿದ ಹಾಗೆ. ಮುಟ್ಟಿದರೆ ಒಂಥರಾ ಅಂಟಂಟು. ತೂಕ ಬೇರೆ ಕಮ್ಮಿಯಾಗಿದೆ, 400 ಗ್ರಾಂ ಹಾಕಿದ್ದು 300ರ ಹತ್ತಿರ ಬಂದು ನಿಂತಿದೆ. ಅಂಗಡಿಯವರು ಮೋಸ ಮಾಡಿದರು ಅಂತ ನಮ್ಮಲ್ಲಿ ಒಬ್ಬರು ಜಗಳಕ್ಕೇ ಹೊರಟಿದ್ದರು, ನಾನೇ ತಡೆದೆ. ಏನು ತಪ್ಪಾಗಿದೆ? ಮತ್ತೆ ಇನ್ನೊಂದು ಆರು ತಿಂಗಳಿಗೆ ಏನೇನು ಇಟ್ಟುಕೊಳ್ಳಬಹುದು, ದಯವಿಟ್ಟು ಹೇಳಿ.

ಚೊಗರು, ಚನ್ನಗಿರಿ:

ಅಕ್ಕಾ, ಜಗಳಕ್ಕೆ ಹೋಗದೇ ಇದ್ದದ್ದು ಒಳ್ಳೆಯದಾಯಿತು. ಕಚ್ಚಾ ರೇಷ್ಮೆಯ ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಅಂಟೇ ಇರುತ್ತದೆ, ಸೆರಿಸಿನ್ ಅಂತಾರೆ. ಬೇಯಿಸಿದಾಗ ಅದು ಹೋಗಿ ನೂಲು ಮೆತ್ತಗಾಗುತ್ತದೆ, ಹೊಳಪು ಬರುತ್ತದೆ. ಅದು ಹೋಗಲೇಬೇಕು. 400ಕ್ಕೆ 300 ಬಂದಿದೆ ಅಂದರೆ ನೀವು ಬೇಯಿಸಿದ್ದು ಸರಿಯಾಗೇ ಇದೆ.

ತಪ್ಪು ನೀರಿನದ್ದು. ಬೋರ್‌ವೆಲ್ ನೀರು ಹಾಕಿದಿರಿ ಅಲ್ವಾ? ನಮ್ಮ ಕಡೆ ನೀರು ಎಷ್ಟು ಗಡುಸು ಅಂತ ಗೀಸರ್ ಬಿಚ್ಚಿ ನೋಡಿದವರಿಗೆ ಗೊತ್ತು. ಗಡುಸು ನೀರಿಗೆ ಸೋಪು ಹಾಕಿದರೆ ಜಿಡ್ಡಿನಂಥ ಬಿಳಿ ಗಷ್ಟು ಕಟ್ಟುತ್ತದೆ, ಅದು ಹೋಗಿ ನೂಲಿನ ಮೇಲೆ ಕೂರುತ್ತದೆ, ಕೂತ ಜಾಗಕ್ಕೆ ಬಣ್ಣ ಹತ್ತುವುದಿಲ್ಲ. ನಾನೂ ಒಂದು ಸಲ ಹೀಗೆ ಪೂರ್ತಿ ಲಡಿ ಹಾಳು ಮಾಡಿಕೊಂಡಿದ್ದೇನೆ. ಮಳೆನೀರು ಹಿಡಿದಿಟ್ಟಿದ್ದರೆ ಅದು, ಇಲ್ಲ ಅಂದರೆ ಕಾಯಿನ್ ಹಾಕಿ ಹಿಡಿಯುವ ಫಿಲ್ಟರ್ ನೀರಿನ ಎರಡು ಕ್ಯಾನ್ ತನ್ನಿ. ತೊಳೆಯುವುದಕ್ಕೂ ಅದೇ ನೀರು. ವಾಷಿಂಗ್ ಸೋಡಾ ಚಿಟಿಕೆಗಿಂತ ಜಾಸ್ತಿ ಬೇಡ, ಹೆಚ್ಚಾದರೆ ರೇಷ್ಮೆಯನ್ನೇ ತಿಂದುಬಿಡುತ್ತದೆ.

ಪಟಿಕ ಹಾಕಿದಿರಾ? ನೀವು ಬರೆದಿಲ್ಲ. 100 ಗ್ರಾಂ ನೂಲಿಗೆ 12ರಿಂದ 15 ಗ್ರಾಂ ಪಟಿಕ ಬಿಸಿನೀರಲ್ಲಿ ಕರಗಿಸಿ, ಮೊದಲು ಅದರಲ್ಲಿ ನೆನೆಸಿ, ಆಮೇಲೆ ಸಿಪ್ಪೆ ಕಷಾಯಕ್ಕೆ ಹಾಕಿ. ಕುದಿಸಬೇಡಿ, ಸಣ್ಣ ಉರಿ ಸಾಕು. ಕಬ್ಬಿಣದ ಬಾಣಲೆ ಮುಟ್ಟಲೇಬೇಡಿ, ಬಣ್ಣ ಕಪ್ಪಿಗೆ ತಿರುಗುತ್ತದೆ. ಅರಿಶಿನ ನೋಡೋಕೆ ಚೆಂದ, ಆದರೆ ನಾಲ್ಕು ದಿನ ಬಿಸಿಲು ಕಂಡರೆ ಮುಗೀತು.

ಒಂದು ಭಾನುವಾರ ನಮ್ಮ ಅಡಿಕೆ ಚೊಗರಿಗೆ ಇಡಿ. ಹಸಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ನೀರು ಅದು. ಹೆಗ್ಗೋಡಿನ ಚರಕ ಕೈಮಗ್ಗ ಸಂಘದವರು ಹತ್ತಿಗೆ ಇದೇ ಬಣ್ಣ ಹಾಕುತ್ತಾರೆ, ರೇಷ್ಮೆಗೂ ಚೆನ್ನಾಗಿ ಹತ್ತುತ್ತದೆ. ಅಡಿಕೆ ಸುಲಿಯುವ ಹೊತ್ತಿಗೆ ಹೇಳಿ, ಒಂದು ಕ್ಯಾನ್ ತಂದುಕೊಡುತ್ತೇನೆ. ಬಟ್ಟೆ ಮೇಲೆ ಚೆಲ್ಲಿಕೊಂಡರೆ ಮಾತ್ರ ನನ್ನನ್ನು ಕೇಳಬೇಡಿ.

ಲಾಳಿ, ಮೊಳಕಾಲ್ಮೂರು:

ನಮ್ಮದು ಮಗ್ಗದ ಮನೆ. ಅಪ್ಪ ಈಗಲೂ ಗುಂಡಿ ಮಗ್ಗದಲ್ಲಿ ಕೂರುತ್ತಾರೆ, ನಾನು ಕೂರುವುದಿಲ್ಲ, ಕಾರಣ ಕೇಳಬೇಡಿ, ಎಲ್ಲರಿಗೂ ಗೊತ್ತಿರುವುದೇ.

ಮೇಡಂ, ನೀವು ಮುಂದೆ ನಮ್ಮೂರಿಗೆ ಬಂದೇ ಬರುತ್ತೀರಿ, ರೇಷ್ಮೆ ಅಂತ ಹೊರಟವರು ಈ ಕಡೆ ಇನ್ನೆಲ್ಲಿಗೆ ಹೋಗುತ್ತಾರೆ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಸಿಕ್ಕ ಮೇಲೆ ಹೀಗೆ ನೋಡೋಕೆ ಬರುವವರು ಜಾಸ್ತಿ ಆಗಿದ್ದಾರೆ. ಬರಬೇಡಿ ಅನ್ನುತ್ತಿಲ್ಲ. ಬರುವ ರೀತಿ ಬಗ್ಗೆ ಒಂದು ಮಾತಿದೆ. ಹೋದ ವರ್ಷ ಒಂದು ತಂಡ ಬಂದಿತ್ತು, ಆಗಸ್ಟ್ 7ರ ಕೈಮಗ್ಗ ದಿನಕ್ಕೆ. ಇಪ್ಪತ್ತು ಜನ ಒಂದೇ ಸಲ ಒಳಗೆ ಬಂದರು, ಅಪ್ಪನಿಗೆ "ಸ್ವಲ್ಪ ನಿಧಾನಕ್ಕೆ ನೇಯಿರಿ, ವಿಡಿಯೊ ತೆಗೆಯಬೇಕು" ಅಂದರು, ಒಬ್ಬೊಬ್ಬರೇ ಮಗ್ಗದಲ್ಲಿ ಕೂತು ಫೋಟೊ ತೆಗೆಸಿಕೊಂಡರು, ಯಾರೋ ಕಾಲು ತಪ್ಪು ಪೆಡಲ್ ಮೇಲೆ ಇಟ್ಟು ಎಳೆ ಹರಿದರು. ಅರ್ಧ ದಿನದ ಕೆಲಸ ಹೋಯಿತು. ಕೊನೆಗೆ ಒಂದು ಶಾಲು ಹೊದಿಸಿ ಹೋದರು. ಪಾಲಿಯೆಸ್ಟರ್ ಶಾಲು.

ನೀವು ನಾಲ್ಕು ನಾಲ್ಕು ಜನ ಬನ್ನಿ. ಅಪ್ಪನ ಆ ದಿನದ ಕೂಲಿ ಮೊದಲೇ ಮಾತಾಡಿ ಕೊಡಿ. ನೇಯುವುದನ್ನು ಮಾತ್ರ ನೋಡಿ ಹೋಗಬೇಡಿ, ಅದು ಕೊನೆಯ ಕೆಲಸ. ಅದಕ್ಕೆ ಮುಂಚೆ ಹಾಸು, ಅಂದರೆ ಉದ್ದದ ಎಳೆಗಳನ್ನು ಹಾಕುವುದಿದೆ, ಹಳೇ ಹಾಸು ಮುಗಿದಾಗ ಅದರ ಸಾವಿರಾರು ಎಳೆಗೆ ಹೊಸ ಎಳೆಗಳನ್ನು ಒಂದೊಂದಾಗಿ ಬೆರಳಲ್ಲೇ ಹೊಸೆದು ಕೂಡಿಸುವುದಿದೆ. ಅಚ್ಚು ಕೆಚ್ಚುವುದು ಅಂತೀವಿ ಅದನ್ನ. ನಮ್ಮಲ್ಲಿ ಅದನ್ನು ಅಮ್ಮನೇ ಮಾಡುವುದು, ಲಾಳಿಯೊಳಗೆ ಕೂರುವ ನೂಲಿನ ಕಡ್ಡಿ, ಅಂದರೆ ಕಂಡಿಕೆ, ಸುತ್ತುವುದು ಅಜ್ಜಿ. ಇವರಿಬ್ಬರ ಫೋಟೊ ಇದುವರೆಗೂ ಯಾರೂ ತೆಗೆದಿಲ್ಲ. ನಿಮ್ಮ ಬಳಗದವರು ಕಂಡಿಕೆ ಸುತ್ತುವುದಕ್ಕೆ ಕೂತರೆ ಅಜ್ಜಿ ಖುಷಿಯಾಗಿ ಕಲಿಸುತ್ತಾಳೆ, ಬೈಯುತ್ತಾಳೆ ಕೂಡ.

ಅಂಚು ಒಂದು ಬಣ್ಣ, ಒಡಲು ಒಂದು ಬಣ್ಣ ಇರುವ ಸೀರೆಗೆ ಅಡ್ಡ ಎಳೆ ಒಯ್ಯುವ ಲಾಳಿ ಮೂರು ಬೇಕು, ಎರಡು ಅಂಚಿಗೆ ಎರಡು, ಒಡಲಿಗೆ ಒಂದು. ಆ ಕೆಲಸ ಒಂದು ಗಂಟೆ ಕೂತು ನೋಡಿ. ಆಮೇಲೆ ಅಂಗಡಿಯಲ್ಲಿ ಚೌಕಾಸಿ ಮಾಡುವಾಗ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಹೇಗೂ ಈ ಕಡೆ ಬಂದಿರುತ್ತೀರಿ, ಅಶೋಕ ಸಿದ್ದಾಪುರದ ಶಾಸನದ ಬಂಡೆಯನ್ನೂ ನೋಡಿಕೊಂಡು ಹೋಗಿ.

ನಾಲ್ಕನೇ ಜ್ವರ, ಹೊಸದುರ್ಗ:

ಎಲ್ಲರೂ ಸೀರೆ ಅಂತೀರಿ, ಹುಳದ ಮಾತೇ ಇಲ್ಲ! ನಾನು ಹಿಪ್ಪುನೇರಳೆ ಬೆಳೆಯುವವನು. ಒಂದು ಭಾನುವಾರ ಗೂಡಿಗೆ ಇಡಿ. ಕಾದ ನೀರಲ್ಲಿ ಎಂಟ್ಹತ್ತು ಗೂಡು ಹಾಕಿ, ತೆಂಗಿನ ಪೊರಕೆ ಕಡ್ಡಿಯಲ್ಲಿ ಮೆಲ್ಲಗೆ ಆಡಿಸಿದರೆ ಎಳೆಯ ತುದಿ ಸಿಗುತ್ತದೆ. ಅಷ್ಟನ್ನೂ ಕೂಡಿಸಿ ಖಾಲಿ ಬಾಟಲಿಗೆ ಸುತ್ತುತ್ತಾ ಹೋಗಿ. ಒಳ್ಳೇ ಬೈವೋಲ್ಟೀನ್ (ದ್ವಿತಳಿ) ಹುಳದ ಗೂಡಿನ ಒಂದು ಎಳೆ ಸಾವಿರ ಮೀಟರ್ ಬರುತ್ತದೆ, ಕೈ ನೋಯುತ್ತದೆ, ಮುಗಿಯುವುದಿಲ್ಲ.

ಮಕ್ಕಳನ್ನು ಕರೆಯುವುದಾದರೆ ಒಂದು ವಿಷಯ. ಎಳೆ ಬಿಚ್ಚಿದ ಮೇಲೆ ಒಳಗೆ ಸತ್ತ ಪ್ಯೂಪಾ ಕಾಣುತ್ತದೆ, ಯಾರಾದರೂ ಅತ್ತೇ ಅಳುತ್ತಾರೆ. ಮುಚ್ಚಿಡಬೇಡಿ, ಮೊದಲೇ ಹೇಳಿಬಿಡಿ. ಹುಳ ನಾಲ್ಕು ಜ್ವರ (ಪೊರೆ ಬಿಡುವುದಕ್ಕೆ ನಾವು ಹಾಗಂತೀವಿ) ದಾಟಿ, ಹೆಚ್ಚುಕಮ್ಮಿ 25 ದಿನ ಸೊಪ್ಪು ತಿಂದು ಗೂಡು ಕಟ್ಟುತ್ತದೆ, ಚಿಟ್ಟೆ ಹೊರಗೆ ಬಂದರೆ ಗೂಡು ತೂತಾಗಿ ಉದ್ದ ಎಳೆ ಸಿಗುವುದಿಲ್ಲ, ಅದಕ್ಕೇ ಹೀಗೆ ಅಂತ. ಚಿಟ್ಟೆ ಹೊರಬಿದ್ದ ತೂತು ಗೂಡನ್ನು ಹತ್ತಿಯ ಹಾಗೆ ನೂಲಬಹುದು, ಕತ್ತರಿಸಿ ಹಾರಾನೂ ಮಾಡಬಹುದು. ನಮ್ಮ ಮನೆಯಲ್ಲಿ ಒಂದು ಚೀಲ ಸುಮ್ನೆ ಬಿದ್ದಿದೆ, ಬಂದು ತಗೊಂಡು ಹೋಗಿ.

ಬೆಂಕಿಪೊಟ್ಟಣ:

ಖರ್ಚಿಲ್ಲದ ಒಂದು ಕಾರ್ಯಾಗಾರ ಹೇಳಲಾ? ಕುಚ್ಚಿಗೆ ಬಳಸುವ "ಸಿಲ್ಕ್ ಥ್ರೆಡ್" ಎಲ್ಲ ತಂದು ಒಂದೊಂದು ಎಳೆ ಸುಡಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್ ಆದರೆ ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತದೆ. ಫಲಿತಾಂಶ ನಾನೇ ಹೇಳಿಬಿಟ್ಟರೆ ಮಜಾ ಇರಲ್ಲ.

ಕುಚ್ಚಿನಕ್ಕ, ದಾವಣಗೆರೆ:

ಈಗಷ್ಟೇ ಅಡುಗೆಮನೆಯಲ್ಲಿ ಸುಟ್ಟು ನೋಡಿದೆ. ಆರು ಬಣ್ಣದ ದಾರ, ಆರೂ ಕಾಗದದ ವಾಸನೆ. ಮೂರು ವರ್ಷದಿಂದ "ಅಪ್ಪಟ ರೇಷ್ಮೆ ಕುಚ್ಚು" ಅಂತ ಬೋರ್ಡ್ ಹಾಕಿಕೊಂಡಿದ್ದೇನೆ, ಏನು ಹೇಳಲಿ ಈಗ. ನಾಳೆ ಬೋರ್ಡ್ ಬದಲಾಯಿಸಬೇಕು.

ಚನ್ನಗಿರಿಯವರೇ, ಬೋರ್ ನೀರೇ ಹೌದು. ಪಟಿಕ ಹಾಕೇ ಇರಲಿಲ್ಲ. ಹೊಸದುರ್ಗದ ಅಣ್ಣ, ಆ ಚೀಲ ಯಾರಿಗೂ ಕೊಡಬೇಡಿ. ಮೊಳಕಾಲ್ಮೂರಿಗೆ ಮೊದಲು ನಾಲ್ಕು ಜನ ಬರುತ್ತೇವೆ, ಕೂಲಿ ಎಷ್ಟು ಅಂತ ಅಪ್ಪನನ್ನೇ ಕೇಳಿ ಹೇಳಪ್ಪಾ. ಅಜ್ಜಿಗೆ ಎಲೆ ಅಡಿಕೆ ಅಭ್ಯಾಸ ಇದೆಯಾ?

ಲಾಳಿ, ಮೊಳಕಾಲ್ಮೂರು:

ಇದೆ. ಸುಣ್ಣ ಜಾಸ್ತಿ. ಹುಣ್ಣಿಮೆ, ಅಮಾವಾಸ್ಯೆ ನೋಡಿಕೊಂಡು ಬನ್ನಿ, ಅಮಾವಾಸ್ಯೆ ದಿನ ಅಪ್ಪ ಮಗ್ಗ ಮುಟ್ಟುವುದಿಲ್ಲ.