ಇಂಟರ್ನೆಟ್ ಬರುತ್ತದೆ, ಕೆಳಮಹಡಿಯ ಸರ್ವರ್ ಸಿಗುವುದಿಲ್ಲ: ಅನುಭವವಿದ್ದವರು ತಿಳಿಸಿ

ಕೇಳಿದವರು:
ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯ ನನ್ನ ಜವಾಬ್ದಾರಿ. ಹೋದ ವಾರ ಹಳೆಯ ರೂಟರ್ ತೆಗೆದು ಲೇಯರ್ 3 ಸ್ವಿಚ್ (ರೂಟರ್‌ನಂತೆ ಜಾಲಗಳ ನಡುವೆಯೂ ಪ್ಯಾಕೆಟ್ ದಾಟಿಸುವ ಸ್ವಿಚ್) ಕೂರಿಸಿದೆವು. ಕೆಳಮಹಡಿ 192.168.10.0, ಮೇಲ್ಮಹಡಿ 192.168.20.0, ಎರಡಕ್ಕೂ ಮಾಸ್ಕ್ (ವಿಳಾಸದ ಎಷ್ಟು ಭಾಗ ಜಾಲದ್ದು ಎಂದು ಹೇಳುವ ಸಂಖ್ಯೆ) 255.255.255.0. ಸ್ವಿಚ್‌ನ ರೂಟಿಂಗ್ ಪಟ್ಟಿಯಲ್ಲಿ ಎರಡೂ ಸರಿಯಾಗಿ ಕಾಣುತ್ತವೆ. ಆದರೆ ಮೇಲಿನ ಆರು ಕಂಪ್ಯೂಟರ್‌ಗಳಿಗೆ ಕೆಳಗಿನ ಸರ್ವರ್ 192.168.10.5 ಸಿಗುತ್ತಿಲ್ಲ. ಅದೇ ಆರರಲ್ಲಿ ಇಂಟರ್ನೆಟ್ ಮಾತ್ರ ಚೆನ್ನಾಗಿ ಬರುತ್ತದೆ! ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿದೆ. ಎಲ್ಲಿಂದ ಹುಡುಕಲಿ?

ಮೊದಲ ಉತ್ತರ:
ಸರ್, ರೂಟಿಂಗ್ ಪಟ್ಟಿ ಸರಿ ಇದ್ದರೆ ಅದನ್ನು ಬಿಟ್ಟುಬಿಡಿ. ಅದು ಹೇಳುವುದು ಯಾವ ಜಾಲಕ್ಕೆ ಯಾವ ಕಡೆ ಎಂಬುದನ್ನು ಮಾತ್ರ. 192.168.10.5ಕ್ಕೆ ಡಿಫಾಲ್ಟ್ ರೂಟ್ (ಬೇರೆ ದಾರಿ ಇಲ್ಲದ ವಿಳಾಸಗಳಿಗೆಲ್ಲ ಇರುವ ದಾರಿ) ಕೂಡ ಹೊಂದುತ್ತದೆ, 192.168.10.0 ಕೂಡ ಹೊಂದುತ್ತದೆ. ಹೆಚ್ಚು ನಿಖರವಾದದ್ದೇ ಗೆಲ್ಲುತ್ತದೆ. ಆ ಜಾಲದಲ್ಲಿ ಯಾರ ಕೈಗೆ ಕೊಡಬೇಕು ಎಂಬುದಕ್ಕೆ ಎಆರ್‌ಪಿ ಪಟ್ಟಿ ಬೇಕು (ಯಾವ ಐಪಿಗೆ ಯಾವ ಮ್ಯಾಕ್ ವಿಳಾಸ, ಅಂದರೆ ಜಾಲದ ಕಾರ್ಡಿನ ಗುರುತು, ಎಂದು ಅದು ಹೇಳುತ್ತದೆ), ಆ ಮ್ಯಾಕ್ ವಿಳಾಸ ಯಾವ ಪೋರ್ಟಿನಲ್ಲಿದೆ ಎಂಬುದಕ್ಕೆ ಮ್ಯಾಕ್ ಪಟ್ಟಿ ಬೇಕು. ಸ್ವಿಚ್ ಮ್ಯಾಕ್ ವಿಳಾಸಗಳನ್ನು ಬದಲಿಸಿ, ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದು ಎಂಬ ಎಣಿಕೆ) ಒಂದು ಇಳಿಸಿ ಮುಂದೆ ಕಳಿಸುತ್ತದೆ. ಐಪಿ ವಿಳಾಸ ಹಾಗೆಯೇ ಇರುತ್ತದೆ.

ಆದರೆ ನಿಮ್ಮ ಪ್ಯಾಕೆಟ್ ಸ್ವಿಚ್‌ನ ರೂಟಿಂಗ್ ಪಟ್ಟಿಯವರೆಗೆ ಬರುತ್ತಲೇ ಇಲ್ಲ ಎಂದು ನನ್ನ ಅನುಮಾನ. ಗೇಟ್‌ವೇಗೆ (ಬೇರೆ ಜಾಲಗಳಿಗೆ ಹೋಗುವ ಬಾಗಿಲು, ಇಲ್ಲಿ ನಿಮ್ಮ ಸ್ವಿಚ್) ಕೊಡಬೇಕೋ, ಪಕ್ಕದಲ್ಲೇ ಕೂಗಿ ಕೇಳಬೇಕೋ ಎಂದು ಮೊದಲು ತೀರ್ಮಾನಿಸುವುದು ಕಂಪ್ಯೂಟರ್, ತನ್ನ ಮಾಸ್ಕ್ ನೋಡಿ. ಅಲ್ಲಿ 255.255.0.0 ಎಂದಿದ್ದರೆ ಸರ್ವರ್ ತನ್ನ ಮಹಡಿಯಲ್ಲೇ ಇದೆ ಎಂದುಕೊಂಡು ‘192.168.10.5 ಯಾರು?’ ಎಂದು ಎಆರ್‌ಪಿಯಲ್ಲಿ ಕೇಳುತ್ತಲೇ ಇರುತ್ತದೆ. ಸರ್ವರ್ ಇರುವುದು ಬೇರೆ ವಿಲ್ಯಾನ್‌ನಲ್ಲಿ (ಸ್ವಿಚ್‌ನಲ್ಲೇ ಬೇರ್ಪಡಿಸಿದ ಜಾಲ), ಕೂಗು ಅಲ್ಲಿಗೆ ತಲುಪುವುದಿಲ್ಲ. ಇಂಟರ್ನೆಟ್ಟಿನ ವಿಳಾಸಗಳು 192.168ರ ಹೊರಗಿನವು, ಹಾಗಾಗಿ ಅವು ಗೇಟ್‌ವೇ ಮೂಲಕ ಸರಿಯಾಗಿ ಹೋಗುತ್ತವೆ.

ಇಷ್ಟು ದಿನ ಹೇಗೆ ನಡೆಯಿತು? ಹಳೆಯ ರೂಟರ್‌ನಲ್ಲಿ ಪ್ರಾಕ್ಸಿ ಎಆರ್‌ಪಿ ಚಾಲೂ ಇದ್ದಿರಬೇಕು. ಸರ್ವರ್ ಪರವಾಗಿ ಅದೇ ತನ್ನ ಮ್ಯಾಕ್ ವಿಳಾಸ ಕೊಟ್ಟು ತಪ್ಪನ್ನು ಮುಚ್ಚಿಡುತ್ತಿತ್ತು. ನಮ್ಮ ಕಚೇರಿಯಲ್ಲಿ ಇದೇ ಆಗಿ ಎರಡು ದಿನ ಸ್ವಿಚ್‌ನ ಸೆಟ್ಟಿಂಗ್ ತಿದ್ದುತ್ತಾ ಕಳೆದೆವು. ಪ್ರಾಕ್ಸಿ ಎಆರ್‌ಪಿಯನ್ನು ಮತ್ತೆ ಹಾಕಿ ಕೈತೊಳೆದುಕೊಳ್ಳಬೇಡಿ, ದಯವಿಟ್ಟು ಮಾಸ್ಕನ್ನೇ ಸರಿಪಡಿಸಿ. ಅನುಮಾನವಿದ್ದರೆ ಒಂದು ಕಂಪ್ಯೂಟರಿನಲ್ಲಿ ವೈರ್‌ಶಾರ್ಕ್ (ಪ್ಯಾಕೆಟ್‌ಗಳನ್ನು ತೋರಿಸುವ ತಂತ್ರಾಂಶ) ತೆರೆದು ಆ ಪ್ರಶ್ನೆ ಹೊರಡುತ್ತಿದೆಯೇ ನೋಡಿ.

ಎರಡನೆಯ ಉತ್ತರ:
ಮೇಲಿನವರು ಹೇಳಿದ್ದೇ ಇರಬೇಕು. ಆ ಆರಕ್ಕೆ ಮಾತ್ರವಲ್ಲ, ಎಲ್ಲ ಕಂಪ್ಯೂಟರ್‌ಗಳಿಗೂ ಸರ್ವರ್ ಸಿಗದಿದ್ದರೆ ನಾನು ಸ್ವಿಚ್‌ನ ಎಆರ್‌ಪಿ ಪಟ್ಟಿ ನೋಡಿ ಎನ್ನುತ್ತಿದ್ದೆ. ನಾವು ಒಮ್ಮೆ ಸರ್ವರ್ ಬದಲಿಸಿ ಹಳೆಯ ಐಪಿಯನ್ನೇ ಕೊಟ್ಟಾಗ ಸ್ವಿಚ್ ಹಳೆಯ ಮ್ಯಾಕ್ ವಿಳಾಸವನ್ನೇ ಹಿಡಿದು ಕುಳಿತಿತ್ತು. ಆ ಸಾಲನ್ನು ಅಳಿಸಿದ ಕೂಡಲೇ ಸರಿಹೋಯಿತು.

ಇನ್ನೊಂದು ಅನುಭವ ಹೇಳಲೇಬೇಕು. ಸಿಸ್ಕೊ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಎಆರ್‌ಪಿ ನಮೂದು 4 ಗಂಟೆ ಉಳಿಯುತ್ತದೆ, ಮ್ಯಾಕ್ ನಮೂದು 300 ಸೆಕೆಂಡ್ ಮಾತ್ರ. ನಮ್ಮ ಸಿಸಿಟಿವಿ ರೆಕಾರ್ಡರ್ ಚಿತ್ರಗಳನ್ನು ಪಡೆಯುತ್ತಿತ್ತು, ತಾನು ಏನನ್ನೂ ಕಳಿಸುತ್ತಿರಲಿಲ್ಲ. ಐದು ನಿಮಿಷದಲ್ಲಿ ಸ್ವಿಚ್ ಅದರ ಪೋರ್ಟನ್ನು ಮರೆಯಿತು. ಮ್ಯಾಕ್ ವಿಳಾಸ ಮಾತ್ರ ನೆನಪಿತ್ತು. ಆದ್ದರಿಂದ ಎಲ್ಲ ಕ್ಯಾಮೆರಾಗಳ ಚಿತ್ರವೂ ಆ ವಿಲ್ಯಾನ್‌ನ ಪ್ರತಿಯೊಂದು ಪೋರ್ಟಿಗೂ ಹರಿಯತೊಡಗಿತು. ಜಾಲ ನಿಧಾನವಾಗಿದೆ ಎಂಬ ದೂರುಗಳು ತಿಂಗಳುಗಟ್ಟಲೆ ಬಂದವು. ಎಆರ್‌ಪಿ ಅವಧಿಯನ್ನು 300 ಸೆಕೆಂಡ್‌ಗಿಂತ ಕಡಿಮೆ ಮಾಡಿದ ಮೇಲೆ ನಿಂತಿತು: ಸ್ವಿಚ್ ಆಗಾಗ ಕೇಳುತ್ತದೆ, ರೆಕಾರ್ಡರ್ ಉತ್ತರಿಸುತ್ತದೆ, ಪೋರ್ಟ್ ಮತ್ತೆ ನೆನಪಾಗುತ್ತದೆ.

ಮೂರನೆಯ ಉತ್ತರ:
ಹೊಸ ಸ್ವಿಚ್ ಎಂದಿರಿ, ಡಿಫಾಲ್ಟ್ ರೂಟ್ ಹೇಗೆ ಕೊಟ್ಟಿದ್ದೀರಿ ಎಂದೂ ನೋಡಿಕೊಳ್ಳಿ. ಮುಂದಿನ ರೂಟರ್‌ನ ಐಪಿ ಕೊಡದೆ ಬರೀ ಇಂಟರ್‌ಫೇಸ್ ಹೆಸರು ಕೊಟ್ಟರೆ ಹೊರಗಿನ ಒಂದೊಂದು ವಿಳಾಸಕ್ಕೂ ಸ್ವಿಚ್ ಎಆರ್‌ಪಿ ಕೇಳುತ್ತದೆ, ಪಟ್ಟಿ ಬೆಳೆದು ತುಂಬುತ್ತದೆ. ಬಿಡುವಾದಾಗ 1982ರಲ್ಲಿ ಡೇವಿಡ್ ಪ್ಲಮ್ಮರ್ ಬರೆದ ಆರ್‌ಎಫ್‌ಸಿ 826 (ಎಆರ್‌ಪಿಯ ಮೂಲ ದಾಖಲೆ) ಓದಿ. ಕೆಲವೇ ಪುಟ, ಇಂದಿಗೂ ತಿಳಿಯಾಗಿದೆ.

ಕೇಳಿದವರು:
ಎಲ್ಲರಿಗೂ ವಂದನೆಗಳು. ಆರರಲ್ಲೂ 255.255.0.0 ಇತ್ತು. ಒಂದೇ ಹಾರ್ಡ್‌ಡಿಸ್ಕಿನಿಂದ ನಕಲು ಮಾಡಿದ ಕಂಪ್ಯೂಟರ್‌ಗಳಂತೆ, ಐಪಿ ಮಾತ್ರ ಬದಲಿಸಿ ಮಾಸ್ಕ್ ಹಾಗೆಯೇ ಬಿಟ್ಟಿದ್ದಾರೆ. ಸರಿಪಡಿಸಿದೆ, ಸರ್ವರ್ ಸಿಕ್ಕಿತು. ನಮ್ಮಲ್ಲೂ ಒಂದು ಸಿಸಿಟಿವಿ ರೆಕಾರ್ಡರ್ ಇದೆ. ನಾಳೆ ಬೆಳಿಗ್ಗೆ ಮೊದಲು ಅದರ ವಿಳಾಸ ಮ್ಯಾಕ್ ಪಟ್ಟಿಯಲ್ಲಿ ಉಳಿದಿದೆಯೇ ನೋಡಿ ಇಲ್ಲಿ ಬರೆಯುತ್ತೇನೆ.