ಲೆಡ್‌ವಿಲ್ 100: ಕೊಲಂಬೈನ್ ಏರಿನಲ್ಲಿ ಹೊಟ್ಟೆ ಕೆಲಸ ನಿಲ್ಲಿಸುವ ಸಮಸ್ಯೆ

ಪ್ರಶ್ನೆ

ನಾನು ಕೊಲರಾಡೋದ ಡೆನ್ವರ್‌ನಲ್ಲಿ ನೆಲೆಸಿರುವ ಕನ್ನಡಿಗ. ಕಳೆದ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಲೆಡ್‌ವಿಲ್ ಟ್ರೇಲ್ 100 ಮೌಂಟನ್ ಬೈಕ್ ಸ್ಪರ್ಧೆಯಲ್ಲಿ (ಬೆಟ್ಟದ ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ಮರಳುವ, ಒಟ್ಟು ಸುಮಾರು 160 ಕಿ.ಮೀ. ಸೈಕಲ್ ಸ್ಪರ್ಧೆ) ಭಾಗವಹಿಸಿ 12 ಗಂಟೆ 34 ನಿಮಿಷಗಳಲ್ಲಿ ಮುಗಿಸಿದೆ. 12 ಗಂಟೆಯೊಳಗೆ ಬಂದವರಿಗೆ ಕೊಡುವ ಬೆಲ್ಟಿನ ಬಕಲ್ ನನಗೆ ಸಿಗಲಿಲ್ಲ. ಕಾಲು ಸೋತಿದ್ದರೆ ಒಪ್ಪಿಕೊಳ್ಳುತ್ತಿದ್ದೆ, ಆದರೆ ಸೋತದ್ದು ಹೊಟ್ಟೆ.

ಟ್ವಿನ್ ಲೇಕ್ಸ್ ದಾಟಿ ಕೊಲಂಬೈನ್ ಗಣಿಯ ಏರನ್ನು ಅರ್ಧ ಹತ್ತುವ ಹೊತ್ತಿಗೆ ಹೊಟ್ಟೆ ಉಬ್ಬರಿಸಿ, ಕುಡಿದ ನೀರು ಒಳಗೇ ಕುಲುಕಾಡುತ್ತಿರುವಂತೆ ಅನ್ನಿಸತೊಡಗಿತು. ಶಕ್ತಿ ಸಾಲದೆ ಹೀಗಾಗುತ್ತಿದೆ ಎಂದುಕೊಂಡು ಇನ್ನೆರಡು ಜೆಲ್ (ಶಕ್ತಿಗಾಗಿ ನುಂಗುವ ಗಟ್ಟಿ ಸಕ್ಕರೆ ಪಾಕದ ಪೊಟ್ಟಣ) ಬಲವಂತವಾಗಿ ನುಂಗಿದೆ. ಮರದ ಸಾಲು ಮುಗಿಯುವಲ್ಲಿ ಎಲ್ಲವೂ ವಾಂತಿಯಾಯಿತು. ಇಳಿಯುವಾಗ ಸ್ವಲ್ಪ ಹಗುರವಾಯಿತಾದರೂ ಅಲ್ಲಿಂದ ಮುಂದೆ ಏನನ್ನೂ ತಿನ್ನಲಾಗಲಿಲ್ಲ. ಮರಳುವ ದಾರಿಯಲ್ಲಿ, ಸುಮಾರು 128 ಕಿ.ಮೀ. ಆದ ಮೇಲೆ ಎದುರಾಗುವ ಪವರ್‌ಲೈನ್ ದಿಣ್ಣೆಯನ್ನು ಪೂರ್ತಿ ಸೈಕಲ್ ತಳ್ಳಿಕೊಂಡೇ ಹತ್ತಿದೆ. ಈ ವರ್ಷವೂ ನನಗೆ ಸ್ಥಾನ ಸಿಕ್ಕಿದೆ. ಇದೇ ತಪ್ಪು ಮರುಕಳಿಸದಂತೆ ಏನು ಬದಲಿಸಬೇಕು, ದಯವಿಟ್ಟು ತಿಳಿಸಿ.

ಉತ್ತರ 1

ಮೊದಲು ಎತ್ತರವನ್ನು ಅನುಮಾನಿಸಬೇಕು. ಡೆನ್ವರ್ ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ, ಲೆಡ್‌ವಿಲ್ ಪಟ್ಟಣ ಸುಮಾರು 3,100 ಮೀಟರ್‌ನಲ್ಲಿ, ಕೊಲಂಬೈನ್ ತುದಿ 3,800 ಮೀಟರ್ ಆಸುಪಾಸಿನಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ. ಹಸಿವು ಮಂಕಾಗುವುದು, ವಾಕರಿಕೆ, ತಲೆನೋವು ಇವೆಲ್ಲ ಎತ್ತರಕ್ಕೆ ಒಗ್ಗದ ದೇಹದ ಲಕ್ಷಣಗಳು. ನೀವು ಸ್ಪರ್ಧೆಗೆ ಎಷ್ಟು ದಿನ ಮುಂಚೆ ಅಲ್ಲಿಗೆ ಹೋಗಿದ್ದಿರಿ? ತಲೆನೋವು ಇತ್ತೇ?

ಪ್ರಶ್ನಿಸಿದವರು

ಹಿಂದಿನ ಸಂಜೆಯೇ ಹೋದದ್ದು, ಆದರೆ ತಲೆನೋವು ಇರಲಿಲ್ಲ. ಜುಲೈನಲ್ಲಿ ಮೂರು ವಾರಾಂತ್ಯ ಅದೇ ಕೊಲಂಬೈನ್ ಏರನ್ನು ನಿಧಾನವಾಗಿ ಹತ್ತಿ ಅಭ್ಯಾಸ ಮಾಡಿದ್ದೆ. ತುದಿಯಲ್ಲಿ ಕುಳಿತು ಚಪಾತಿ ತಿಂದಿದ್ದೆ, ಯಾವ ಸಂಕಟವೂ ಆಗಿರಲಿಲ್ಲ.

ಉತ್ತರ 2

ಚಪಾತಿಯ ಮಾತು ಬಹಳ ಉಪಯುಕ್ತವಾದ ಸುಳಿವು. ಅದೇ ಎತ್ತರದಲ್ಲಿ ನಿಧಾನವಾಗಿ ಹತ್ತಿದಾಗ ಗಟ್ಟಿ ಆಹಾರವೂ ಅರಗಿದೆ ಎಂದರೆ, ಎತ್ತರವೊಂದೇ ಕಾರಣವಲ್ಲ. ಅದಕ್ಕೆ ಇನ್ನೇನೋ ಜೊತೆಗೂಡಿದೆ. ಮೂರು ವಿವರಗಳನ್ನು ಕೊಡಿ: ಮೊದಲ ಎರಡೂವರೆ ಗಂಟೆಯಲ್ಲಿ ಎಷ್ಟು ಕುಡಿದಿರಿ, ಬಾಟಲಿಯಲ್ಲಿ ಏನಿತ್ತು, ಮತ್ತು ಸ್ಪರ್ಧೆಯ ಮೊದಲ ಏರಾದ ಸೇಂಟ್ ಕೆವಿನ್ಸ್ ಏರಿನಲ್ಲಿ ನಾಡಿಬಡಿತ ಎಷ್ಟಿತ್ತು?

ಪ್ರಶ್ನಿಸಿದವರು

ಬೆಳಿಗ್ಗೆ 6.30ರ ಚಳಿಯಲ್ಲಿ ಬಾಯಾರಿಕೆಯೇ ಆಗಲಿಲ್ಲ. ಪೈಪ್‌ಲೈನ್ ತಂಗುದಾಣ ಸೇರುವವರೆಗೆ 750 ಮಿ.ಲೀ.ಯ ಒಂದೇ ಬಾಟಲಿ ಮುಗಿದಿತ್ತು. ಅದರಲ್ಲಿ 90 ಗ್ರಾಂ ಕಾರ್ಬೋಹೈಡ್ರೇಟ್ ಪುಡಿ, ಪೂರ್ತಿ ಪಿಷ್ಟದಿಂದ ತಯಾರಿಸಿದ ಮಾಲ್ಟೊಡೆಕ್ಸ್‌ಟ್ರಿನ್. ಅರ್ಧ ಗಂಟೆಗೊಂದರಂತೆ 25 ಗ್ರಾಂ ಕಾರ್ಬೋಹೈಡ್ರೇಟ್ ಇರುವ ಐದು ಜೆಲ್ ತಿಂದಿದ್ದೆ. ಸೇಂಟ್ ಕೆವಿನ್ಸ್‌ನಲ್ಲಿ ನಾಡಿಬಡಿತ ಸರಾಸರಿ 168. ಒಂದು ಗಂಟೆ ತಡೆದುಕೊಳ್ಳಬಲ್ಲ ನನ್ನ ಗರಿಷ್ಠ ಮಿತಿ 170. ಮೊಣಕಾಲು ನೋಯುತ್ತಿದ್ದುದರಿಂದ ಟ್ವಿನ್ ಲೇಕ್ಸ್‌ನಲ್ಲಿ ಐಬುಪ್ರೊಫೆನ್ ಮಾತ್ರೆಯನ್ನೂ ತೆಗೆದುಕೊಂಡಿದ್ದೆ.

ಉತ್ತರ 2

ಹಾಗಾದರೆ ಹೊಟ್ಟೆ ಕೆಟ್ಟದ್ದು ಕೊಲಂಬೈನ್‌ನಲ್ಲಿ ಅಲ್ಲ, ಅದಕ್ಕೂ ಮೂರು ಗಂಟೆ ಮುಂಚೆಯೇ. ಕೊಲಂಬೈನ್‌ನಲ್ಲಿ ಅದು ನಿಮ್ಮ ಗಮನಕ್ಕೆ ಬಂತು, ಅಷ್ಟೆ.

ಲೆಕ್ಕ ಹಾಕೋಣ. ಬಾಟಲಿಯ 90 ಗ್ರಾಂ ಮತ್ತು ಜೆಲ್‌ಗಳ 125 ಗ್ರಾಂ ಸೇರಿ 215 ಗ್ರಾಂ ಕಾರ್ಬೋಹೈಡ್ರೇಟ್ 750 ಮಿ.ಲೀ. ನೀರಿನೊಂದಿಗೆ ನಿಮ್ಮ ಹೊಟ್ಟೆ ಸೇರಿದೆ. ಅಂದರೆ ನೂರು ಮಿ.ಲೀ.ಗೆ 28 ಗ್ರಾಂಗೂ ಹೆಚ್ಚು, ಹೆಚ್ಚುಕಡಿಮೆ ಸಕ್ಕರೆ ಪಾಕ. ಸಾಮಾನ್ಯ ಕ್ರೀಡಾ ಪಾನೀಯದಲ್ಲಿ ಇರುವುದು 6ರಿಂದ 8 ಗ್ರಾಂ. ಇಷ್ಟು ಸಾಂದ್ರವಾದ ದ್ರವವನ್ನು ಜಠರ ಬೇಗ ಕೆಳಕ್ಕೆ ಬಿಡುವುದಿಲ್ಲ, ಮತ್ತು ಕರುಳು ಅದನ್ನು ತಿಳಿಯಾಗಿಸಲು ದೇಹದ ನೀರನ್ನೇ ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ನೀರು ಕುಲುಕಾಡಿದ ಅನುಭವ ಅಲ್ಲಿಂದಲೇ ಬಂದದ್ದು. ನೀವು ಬಾಟಲಿಯ ಪುಡಿಯನ್ನು ನೀರಿನ ಲೆಕ್ಕಕ್ಕೆ ಸೇರಿಸಿದ್ದೀರಿ, ಊಟದ ಲೆಕ್ಕಕ್ಕೆ ಸೇರಿಸಿಲ್ಲ. ನಾನೂ ಎರಡು ವರ್ಷ ಇದೇ ತಪ್ಪನ್ನು ಮಾಡಿದ್ದರಿಂದ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇದರ ಮೇಲೆ, ಮಾಲ್ಟೊಡೆಕ್ಸ್‌ಟ್ರಿನ್ ಕರುಳಿನಲ್ಲಿ ಗ್ಲೂಕೋಸ್ ಆಗಿಯೇ ಒಡೆಯುತ್ತದೆ, ಮತ್ತು ಗ್ಲೂಕೋಸನ್ನು ಒಳಕ್ಕೆ ಸಾಗಿಸುವ ದಾರಿ ಗಂಟೆಗೆ ಸುಮಾರು 60 ಗ್ರಾಂಗೆ ಭರ್ತಿಯಾಗುತ್ತದೆ. ಫ್ರಕ್ಟೋಸ್‌ಗೆ (ಹಣ್ಣಿನ ಸಕ್ಕರೆಗೆ) ಬೇರೆಯದೇ ದಾರಿಯಿದೆ. ಎರಡನ್ನೂ ಬೆರೆಸಿ, ಕರುಳಿಗೆ ವಾರಗಟ್ಟಲೆ ಅಭ್ಯಾಸ ಮಾಡಿಸಿದವರು 90 ಗ್ರಾಂವರೆಗೂ ಹೋಗುತ್ತಾರೆ. ನೀವು ಒಂದೇ ದಾರಿಗೆ ಗಂಟೆಗೆ 80 ಗ್ರಾಂಗಿಂತ ಹೆಚ್ಚು ತುಂಬಿದ್ದೀರಿ.

ಇನ್ನು ನಾಡಿಬಡಿತ. ಹೊಸಬರನ್ನು ಹಿಂದಿನ ಸಾಲುಗಳಲ್ಲಿ ನಿಲ್ಲಿಸುವುದರಿಂದ, ಸೇಂಟ್ ಕೆವಿನ್ಸ್‌ನ ಕಿರಿದಾದ ದಾರಿಯಲ್ಲಿ ದಟ್ಟಣೆಗೆ ಸಿಕ್ಕಿಬೀಳುವ ಆತಂಕದಲ್ಲಿ ಎಲ್ಲರೂ ಜೋರಾಗಿ ತುಳಿಯುತ್ತಾರೆ. ಮಿತಿಯ ಅಂಚಿನಲ್ಲಿ ತುಳಿದಾಗ ರಕ್ತವೆಲ್ಲ ಕಾಲಿಗೆ ಹರಿದು ಹೊಟ್ಟೆಗೆ ಸಿಗುವ ಪಾಲು ಕುಗ್ಗುತ್ತದೆ. ಗಾಳಿ ತೆಳುವಾದಲ್ಲಿ ಆ ಅಂಚು ಇನ್ನೂ ಬೇಗ ಬರುತ್ತದೆ. ಸೇಂಟ್ ಕೆವಿನ್ಸ್‌ನಲ್ಲಿ ಉಳಿಸಿದ ನಾಲ್ಕು ನಿಮಿಷಕ್ಕೆ ಪವರ್‌ಲೈನ್‌ನಲ್ಲಿ ನಲವತ್ತು ನಿಮಿಷ ತೆತ್ತಿದ್ದೀರಿ.

ಪರಿಹಾರವಾಗಿ ನಾನು ಸೂಚಿಸುವುದಿಷ್ಟು. ಗಂಟೆಗೆ 600 ಮಿ.ಲೀ. ದ್ರವ ಮತ್ತು ಒಟ್ಟು 60 ಗ್ರಾಂ ಕಾರ್ಬೋಹೈಡ್ರೇಟ್‌ಗೆ ನಿಲ್ಲಿ. ಒಂದು ಬಾಟಲಿಯಲ್ಲಿ ತಿಳಿಯಾದ ಪಾನೀಯ, ಇನ್ನೊಂದರಲ್ಲಿ ಬರೀ ನೀರು ಇರಲಿ, ಮತ್ತು ಜೆಲ್ ತಿಂದಾಗ ಬರೀ ನೀರನ್ನೇ ಕುಡಿಯಿರಿ. ಮೊದಲ ಎರಡು ಗಂಟೆ ನಾಡಿಬಡಿತ 150 ದಾಟದಿರಲಿ. ಪಕ್ಕದವರೊಂದಿಗೆ ಒಂದು ಪೂರ್ತಿ ವಾಕ್ಯ ಮಾತಾಡಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದೇ ತಿಳಿಯಿರಿ. ಹೊಟ್ಟೆ ಉಬ್ಬರಿಸಿದರೆ ಇನ್ನಷ್ಟು ಸಕ್ಕರೆ ಹಾಕಬೇಡಿ. ಇಪ್ಪತ್ತು ನಿಮಿಷ ನಿಧಾನವಾಗಿ ಹತ್ತುತ್ತಾ ನೀರನ್ನು ಗುಟುಕು ಗುಟುಕಾಗಿ ಕುಡಿದು, ಹಸಿವು ಮರಳಿದ ಮೇಲೆ ತಿನ್ನಿ.

ಉತ್ತರ 3

ಆ ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆಯ ಮಾತು. ದೇಹದಲ್ಲಿ ನೀರು ಕಡಿಮೆಯಿರುವಾಗ ಐಬುಪ್ರೊಫೆನ್ ಜಠರದ ಒಳಪದರವನ್ನು ಕೆರಳಿಸುವುದಲ್ಲದೆ ಮೂತ್ರಪಿಂಡಕ್ಕೂ ಹೊರೆಯಾಗುತ್ತದೆ. ಸ್ಪರ್ಧೆಯ ದಿನ ಅದನ್ನು ಮುಟ್ಟಬೇಡಿ. ಮೊಣಕಾಲಿಗೆ ಸೀಟಿನ ಎತ್ತರವನ್ನು ಈಗಲೇ ಪರೀಕ್ಷಿಸಿ. ವಾಂತಿಯೊಂದಿಗೆ ತಲೆ ಗೊಂದಲವಾಗುವುದು, ಹೆಜ್ಜೆ ತಪ್ಪುವುದು, ಸುಮ್ಮನೆ ನಿಂತರೂ ಏದುಸಿರು ಬರುವುದು ಕಂಡರೆ ಬಕಲ್ ಮರೆತು ತಕ್ಷಣ ಕೆಳಗಿಳಿದು ವೈದ್ಯಕೀಯ ಸಿಬ್ಬಂದಿಯ ಬಳಿ ಹೋಗಬೇಕು.

ಪ್ರಶ್ನಿಸಿದವರು, ಮೂರು ವಾರಗಳ ನಂತರ

ಕಳೆದ ಶನಿವಾರ ಟ್ವಿನ್ ಲೇಕ್ಸ್‌ನಿಂದ ಕೊಲಂಬೈನ್ ತುದಿಯವರೆಗೆ ಹತ್ತಿ ಇಳಿದು, ಮತ್ತೆ ಅರ್ಧದವರೆಗೆ ಹತ್ತಿದೆ. ಗಂಟೆಗೆ 35 ಗ್ರಾಂ ಪುಡಿ ಬೆರೆಸಿದ ಪಾನೀಯ, ಜೊತೆಗೆ ಉಪ್ಪು ಮತ್ತು ಬೆಲ್ಲ ಹಾಕಿ ಕಟ್ಟಿದ ಒಂದು ಅನ್ನದುಂಡೆ. ಐದು ಗಂಟೆಯಲ್ಲಿ ಒಮ್ಮೆಯೂ ವಾಕರಿಕೆ ಬರಲಿಲ್ಲ; ಮುಗಿಯುವಾಗ ನಿಜವಾಗಿಯೂ ಹಸಿವಾಗಿತ್ತು, ಅದನ್ನು ಕಂಡು ಕಣ್ಣು ತುಂಬಿ ಬಂತು. ಎರಡು ತೊಡಕುಗಳು ಉಳಿದಿವೆ: ಚಳಿಯಲ್ಲಿ ಕುಡಿಯಲು ಈಗಲೂ ಮರೆಯುತ್ತೇನೆ, ಮತ್ತು ಅನ್ನದುಂಡೆ ಜೇಬಿನಲ್ಲೇ ಪುಡಿಯಾಗುತ್ತದೆ.

ಉತ್ತರ 2

ಓದಿ ಬಹಳ ಸಂತೋಷವಾಯಿತು. ಮೊದಲ ಬಾಟಲಿಗೆ ಬೆಚ್ಚಗಿನ ನೀರು ತುಂಬಿಕೊಳ್ಳಿ ಮತ್ತು ಸೈಕಲ್ ಕಂಪ್ಯೂಟರಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಗಂಟೆ ಬಾರಿಸುವಂತೆ ಹೊಂದಿಸಿ; ಬಾಯಾರಿಕೆಯನ್ನು ಕಾಯದೆ, ಗಂಟೆ ಬಾರಿಸಿದಾಗಲೆಲ್ಲ ನಾಲ್ಕು ಗುಟುಕು ಕುಡಿಯಿರಿ. ನೀವು ಬಹುಶಃ ಸೋನಾ ಮಸೂರಿ ಬಳಸುತ್ತಿದ್ದೀರಿ, ಅದು ತಣಿದಾಗ ಉದುರುದುರಾಗುತ್ತದೆ. ಜಪಾನಿ ಅಡುಗೆಯ ಅಂಟು ಅಕ್ಕಿಯನ್ನು ತಂದು, ನೀರು ತುಸು ಹೆಚ್ಚಿಟ್ಟು ಬೇಯಿಸಿ, ಬಿಸಿಯಿರುವಾಗಲೇ ತಟ್ಟೆಯಲ್ಲಿ ಒತ್ತಿ ಹರಡಿ, ತಣಿದ ಮೇಲೆ ಬರ್ಫಿಯಂತೆ ಕತ್ತರಿಸಿ ಕಾಗದದಲ್ಲಿ ಸುತ್ತಿಕೊಳ್ಳಿ. 70 ಗ್ರಾಂ ತೂಕದ ಒಂದು ತುಂಡಿನಲ್ಲಿ ಸುಮಾರು 20 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ, ಬೆಲ್ಲವನ್ನು ಬೇರೆಯಾಗಿ ತೂಗಿ ಲೆಕ್ಕಕ್ಕೆ ಸೇರಿಸಿ.